ಸಾಬೂನು ಹಚ್ಚಿದ ಸ್ಟಾಂಪು

‘ಗೂಬೆ’ ಎಂದು ಸಹಿ ಹಾಕುವವರಿಗೆ,

ನಿಮ್ಮ ಮೂರು ಕಾರ್ಡುಗಳೂ ತಲುಪಿವೆ. ಉತ್ತರ ಬರೆಯದೆ ಇದ್ದದ್ದು ಬೇಕೆಂದೇ. ನೀವು ‘ತಗಡು’ ಎಂದು ಕರೆಯುವ ನನ್ನ ತಮ್ಮ ಈಗಿಲ್ಲ. ಒಂಬತ್ತು ದಿನದ ಜ್ವರ, ಅಷ್ಟೇ. ನಿಮ್ಮ ಕ್ಯಾಸೆಟ್ಟಿನ ಪಾರ್ಸೆಲ್ ಬಂದದ್ದು ಅದರ ಮರುವಾರ.

ಅಂಚೆ ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ಕಾಗದ ವಿಂಗಡಿಸುವವಳು ನಾನು. ಸ್ಟಾಂಪಿನ ಮೇಲೆ ಸಾಬೂನು ಹಚ್ಚಿ, ಮುದ್ರೆ ತೊಳೆದು ಮತ್ತೆ ಅಂಟಿಸುವವರನ್ನು ಸುಮ್ಮನೆ ನಂಬಲಾರೆ. ಅದರ ಮೇಲೆ ಕಾರ್ಡಿನಲ್ಲಿ, “ತಗಡು, ಮಾಲು ಎಲ್ಲಿ? ನಾಲ್ಕೂ ಊರಿನೋರು ಕಾಯ್ತಾ ಇದೀವಿ” ಎಂದು ಬರೆದರೆ ಯಾರಿಗೆ ಅನುಮಾನ ಬರುವುದಿಲ್ಲ? ಏನು ಚಟ ಅಂಟಿಸಿದ್ದಿರೋ ಎಂದು ಅವನ ಹಾಸಿಗೆಯನ್ನೂ ಬಿಚ್ಚಿ ನೋಡಿದೆ. ಹತ್ತಿ ಬಿಟ್ಟರೆ ಏನೂ ಸಿಗಲಿಲ್ಲ.

ಬದುಕಿದ್ದಾಗ ಒಮ್ಮೆ ಕೇಳಿದ್ದೆ, ಯಾರೋ ಇವರೆಲ್ಲ ಎಂದು. ಬಣ್ಣದ ಡಬ್ಬ ಬೋರಲು ಹಾಕಿಕೊಂಡು ಬಡಿಯುತ್ತಲೇ ಹೇಳಿದ: “ಮುಖ ನಾನೂ ನೋಡಿಲ್ಲ ಅಕ್ಕಾ. ನನ್ನ ಪೆಟ್ಟು ಮಾತ್ರ ಅವರಿಗೆ ಗೊತ್ತು.” ನನಗೆ ಇನ್ನಷ್ಟು ಹೆದರಿಕೆಯಾಯಿತು.

ಪೊಲೀಸರಿಗೆ ಕೊಡುವ ಮುಂಚೆ ಕೇಳಿಬಿಡೋಣವೆಂದು ಕಳೆದ ಭಾನುವಾರ ಕ್ಯಾಸೆಟ್ ಹಾಕಿದೆ. ಮೊದಲು ಅವನ ಡಬ್ಬದ ಸದ್ದು. ನಡುವೆ, ಅಡುಗೆಮನೆಯಿಂದ ನನ್ನದೇ ಗಂಟಲು: “ಸಾಕು ಮಾಡೋ, ತಲೆ ಒಡೀತಿದೆ. ತಟ್ಟೆ ಹಾಕಿದೀನಿ, ಬಾ.” ಅದು ಮುಗಿದ ಮೇಲೆ ಎರಡನೇ ಊರಿನ ಕಿರುಚಾಟ. ಅದರ ಶುರುವಿಗೆ ಯಾರೋ ಗಂಡಸು ನನ್ನ ಹಾಗೇ ರಾಗ ಎಳೆದು, “ತಟ್ಟೆ ಹಾಕಿದೀನಿ, ಬಾ” ಎಂದ. ಉಳಿದ ಮೂರು ಊರಿನವರದೂ ಹಾಗೇ. ಆಡಿಕೊಳ್ಳುತ್ತಿದ್ದೀರೆಂದು ಮೈ ಉರಿಯಿತು. ಆಮೇಲೆ ಕ್ಯಾಸೆಟ್ಟಿನ ಕವರಿನೊಳಗೆ ಮಡಿಸಿಟ್ಟ ನಿಮ್ಮ ಚೀಟಿ ಕಂಡಿತು: “ಯಾವ ಊರೇ ಆಗ್ಲಿ, ಅಕ್ಕ ಕರೆದ ಮೇಲೇ ಹಾಡು. ಕೊನೇ ನಾಲ್ಕು ನಿಮಿಷ ತಗಡಿಗೆ. ಆಮೇಲೆ ಇನ್ನೊಂದು ಸುತ್ತು.”

ನೀವು ಕೇಳುತ್ತಿದ್ದ ಮಾಲು ಇದೇ, ಅಂಚೆಯಲ್ಲಿ ಊರಿಂದೂರಿಗೆ ಹೋಗುತ್ತಾ ಒಬ್ಬೊಬ್ಬರೂ ತಮ್ಮ ಹಾಡು ಸೇರಿಸುವ ಕ್ಯಾಸೆಟ್ಟು ಎಂದು ಆಗ ತಿಳಿಯಿತು. ಅವನ ಕೈಸದ್ದು ಉಳಿದಿರುವುದು ಇದೊಂದರಲ್ಲೇ. ಇಟ್ಟುಕೊಂಡರೆ ನಿಮ್ಮ ಐದೂರಿನ ಸುತ್ತು ನಿಲ್ಲುತ್ತದೆ. ಕಳಿಸಿದರೆ ವಾಪಸ್ ಬರುತ್ತದೆಂಬ ಭರವಸೆ ನನಗಿಲ್ಲ. ಎರಡು ದಿನ ಬೀರುವಿನಲ್ಲಿಟ್ಟು ಬೀಗ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ.

ಇವತ್ತು ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ. ಸುತ್ತು ಮುಗಿಸಿ ಅದು ನನಗೇ ಬರಬೇಕು, ಸಾಬೂನಿಲ್ಲದ ಸ್ಟಾಂಪಿನಲ್ಲಿ. ಆ ನಾಲ್ಕು ನಿಮಿಷ ತುಂಬಿಸಲು ನನಗೆ ಬಾರಿಸಲು ಬರುವುದಿಲ್ಲ. ಅದರಲ್ಲಿ ಒಂದು ಸಲ ಊಟಕ್ಕೆ ಕರೆದು, ಉಳಿದದ್ದನ್ನು ಖಾಲಿ ಬಿಟ್ಟಿದ್ದೇನೆ. ಅವನಂತೂ ಬರುವುದಿಲ್ಲ. ನೀವು ಯಾರಾದರೂ ಬರುತ್ತೀರೋ ನೋಡುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣಿ. ನಿಮ್ಮೆಲ್ಲರ ಕೈ ಗಟ್ಟಿಯಾಗಿರಲಿ.

ಇನ್ನೂ ಪೂರ್ತಿ ನಂಬದ,
ತಗಡಿನ ಅಕ್ಕ