ಲೆಕ್ಕಕ್ಕೆ ಸಿಗದ ಚಿಕ್ಕಮ್ಮ

ಮಾರ್ಚ್ ೧೨, ಗುರುವಾರ

ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ನೀರು ಸರಬರಾಜು ಕಚೇರಿಯ ವೆಬ್‌ಸೈಟ್ ತೆರೆದರೆ ಚಿಕ್ಕಮ್ಮನ ಹಳೇ ಫೋನಿನಲ್ಲಿ ಬರೀ ಬಿಳಿ ಪರದೆ. ನಾಳೆ ನೀರು ಎಷ್ಟೊತ್ತಿಗೆ ಎಂಬ ಒಂದು ಸಾಲಿಗೂ ಹಳೇ ಫೋನುಗಳಲ್ಲಿ ಓಡದ ಜಾವಾಸ್ಕ್ರಿಪ್ಟ್ ಕೋಡು ಬೇಕೇ? ಇವತ್ತು ಕಚೇರಿಯ ಮೀಟಿಂಗಿನಲ್ಲಿ ಇದನ್ನೇ ಕೇಳಿದೆ.

"ಅದು ಓಡದ ಫೋನಲ್ಲಿ ಯಾರ್ರೀ ಬರ್ತಾರೆ? ಅಂಕಿಅಂಶ ನೋಡಿ, ಒಬ್ಬರೂ ಇಲ್ಲ," ಎಂದರು ಮ್ಯಾನೇಜರು.

"ಸರ್, ಬಂದವರನ್ನ ಎಣಿಸೋದೂ ಜಾವಾಸ್ಕ್ರಿಪ್ಟೇ. ಅದು ಓಡದ ಫೋನು ಲೆಕ್ಕಕ್ಕೆ ಹೇಗೆ ಸಿಗುತ್ತೆ?"

ಅವರು ಕಡತ ಮುಚ್ಚುತ್ತಾ, "ಮುಂದಿನ ವರ್ಷ ನೋಡೋಣ."

ನೋಡುವುದೇನು ಬಂತು? ಸಂಜೆಯೇ ಆ ಸಾಲು ಸ್ಕ್ರಿಪ್ಟಿನ ಹಂಗಿಲ್ಲದೆ ಪುಟದಲ್ಲಿ ಬರುವಂತೆ ಮಾಡಿಬಿಟ್ಟೆ. ಕೇಳಿದರೆ ನಾನೇ ಮಾಡಿದ್ದು ಎನ್ನುತ್ತೇನೆ. ತೆಗೆಯುವುದಾದರೆ ಅವರೇ ತೆಗೆಯಲಿ.

ಆಮೇಲೆ ಚಿಕ್ಕಮ್ಮನ ಫೋನು ಬಂತು: "ಬೆಳಿಗ್ಗೆ ಆರಕ್ಕಂತೆ ಕಣೇ, ಕಾಣಿಸ್ತು!"

ನಾಳೆಯ ಅಂಕಿಅಂಶದಲ್ಲೂ ಅವಳು ಇರುವುದಿಲ್ಲ. ಅಂಕಿಅಂಶವಂತೆ, ಕತ್ತೆಬಾಲ! ಅವಳ ಕೊಡಗಳು ತುಂಬಿರುತ್ತವೆ.