ಭಾವನ ದೋಣಿ, ಅಕ್ಕನ ಈಜು

ಏಪ್ರಿಲ್ ೬, ಸೋಮವಾರ

ದೋಣಿ ಮೋಟಾರಿನ ಪ್ಲಗ್ ಮತ್ತೆ ಬಿಚ್ಚಿದೆ. ಒರೆಸಿದೆ. ಹಾಕಿದೆ. ಅಂಗಳದ ಡ್ರಮ್ಮಿನ ನೀರಿನಲ್ಲಿ ಮೋಟಾರು ಎಂಥ ಸಾಧು! ಒಂದೇ ಎಳೆತಕ್ಕೆ ಶುರು. ಪಿಸ್ಟನ್ ರಿಂಗಿನಿಂದ ಹಿಡಿದು ವೈರಿನವರೆಗೆ ಬಿಚ್ಚಿ, ಹೊಸದು ಹಾಕಿ, ಕಟ್ಟಿದವಳು ನಾನೇ ಅಲ್ಲವೇ. ಎದೆ ಉಬ್ಬಿತ್ತು.

ಸಂಜೆ ಭಾವನ ದೋಣಿಗೆ ಕಟ್ಟಿ ಕೊಲ್ಲಿಗೆ ಇಳಿಸಿದೆವು. ಅರ್ಧ ಥ್ರಾಟಲ್‌ವರೆಗೆ ಬೆಣ್ಣೆ. ಇನ್ನಷ್ಟು ತಿರುಗಿಸಿದರೆ — ಫಟ್, ಫಟ್, ಫಟಾರ್... ಕಡಿಮೆ ಮಾಡಿದರೆ ಮತ್ತೆ ಸಾಧು.

"ಇಂಜಿನಿಯರಮ್ಮಾ, ನಿನ್ನ ಮಗೂಗೆ ನೆಗಡಿ ಆಗಿದೆ," ಎಂದರು ಭಾವ. ಮೈ ಉರಿಯಿತು.

ಭಾನುವಾರ ಅಕ್ಕ ಈ ಕೊಲ್ಲಿಯನ್ನು ಈಜಿ ದಾಟಬೇಕು. ಈಜು ಕ್ಲಬ್ಬಿನವರು ವರ್ಷಕ್ಕೆ ಒಂದೇ ದಿನ ಬಿಡುವುದು. ಪಕ್ಕದಲ್ಲಿ ಒಂದು ದೋಣಿ ಇರಲೇಬೇಕು, ಏನಾದರೂ ಆದರೆ ದಡಕ್ಕೆ ಹಾರಿಸಿಕೊಂಡು ಹೋಗುವಂಥದ್ದು. ಶನಿವಾರ ದೋಣಿಗೆ ಪರೀಕ್ಷೆ: ನೀರಿನಲ್ಲಿ ತೇಲುವ ಕೆಂಪು ಪೀಪಾಯಿಯವರೆಗೆ ಫುಲ್ ಸ್ಪೀಡಿನಲ್ಲಿ ಹೋಗಿ ಬರಬೇಕು. ಒಂದು ಸಲ ಫಟ್ ಎಂದರೂ ಫೇಲ್. ಹೋದ ವರ್ಷ ಮೋಟಾರಿರುವ ದೋಣಿ ಸಿಗದೆ ಅಕ್ಕ ದಡದಲ್ಲಿ ನಿಂತು ಬೇರೆಯವರಿಗೆ ಚಪ್ಪಾಳೆ ತಟ್ಟಿದಳು. ಐವತ್ತೇಳು ಅವಳಿಗೆ. ಇನ್ನೊಮ್ಮೆ ಅದನ್ನು ನೋಡಲಾರೆ.

ಏಪ್ರಿಲ್ ೭, ಮಂಗಳವಾರ

ನನ್ನ ರಿಪೇರಿ ಅಂಗಡಿಯಲ್ಲಿ ಮಿಕ್ಸಿಗಳು, ಫ್ಯಾನುಗಳು ಬಾಯಿ ಬಿಟ್ಟುಕೊಂಡು ಕೂತಿವೆ. ಕೂತಿರಲಿ.

ಜೋರಾಗಿ ಓಡುವಾಗ ಪೆಟ್ರೋಲು ಸಾಕಾಗುತ್ತಿಲ್ಲ ಎಂದು ಊಹೆ. ಕಾರ್ಬುರೇಟರ್ ತೊಳೆದೆ. ಟ್ಯಾಂಕಿನ ಮುಚ್ಚಳದ ಗಾಳಿ ತೂತು ಊದಿ ನೋಡಿದೆ. ಸಂಜೆ ನೀರಿನಲ್ಲಿ ಭಾವ ಫುಲ್ ಕೊಟ್ಟರು, ನಾನು ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬನ್ನು ಹಿಸುಕುತ್ತಾ ಕೂತೆ. ಹಿಸುಕಿದಾಗ ಸರಿಹೋದರೆ ದೋಷ ಪೆಟ್ರೋಲಿನದು. ಹೋಗದಿದ್ದರೆ ಕರೆಂಟಿನದು.

ಹೋಗಲಿಲ್ಲ! ಕೈ ಸೋತಿತು, ಆದರೆ ಎಂಥ ಖುಷಿ. ಅರ್ಧ ಮೋಟಾರು ಅನುಮಾನದಿಂದ ಪಾರಾಯಿತಲ್ಲ.

"ಕೆಟ್ಟಿದ್ದಕ್ಕೂ ಕುಣೀತೀಯಲ್ಲೇ!" ಎಂದರು ಭಾವ. ಅವರಿಗೇನು ಗೊತ್ತು.

ಏಪ್ರಿಲ್ ೯, ಗುರುವಾರ

ನಿನ್ನೆ ಬರೆಯಲಿಲ್ಲ. ಬೈಗುಳ ಬಿಟ್ಟರೆ ಬರೆಯುವಂಥದ್ದು ಏನೂ ಇರಲಿಲ್ಲ. ಹೊಸ ಪ್ಲಗ್ — ಫಟ್. ಹೊಸ ಕಾಯಿಲ್ — ಫಟ್.

ಇವತ್ತು ಅಕ್ಕ ಲೈಬ್ರರಿ ಕೆಲಸ ಮುಗಿಸಿ ನೇರ ಬಂದಳು. ನನ್ನ ಮುಖ ನೋಡಿದಳು. "ಆಗ್ಲಿಲ್ಲ ಅಂದ್ರೆ ಬಿಡೇ. ನಂಗೇನೂ ಬೇಜಾರಿಲ್ಲ," ಎಂದು ಹೇಳಿ ಅಡುಗೆಮನೆಯಲ್ಲಿ ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯತೊಡಗಿದಳು.

"ಬೇಜಾರಿಲ್ದೋಳು ಆ ಲೋಟ ಯಾಕೆ ಸವೆಸ್ತಿದ್ದೀಯ?"

ನಕ್ಕಳು. ಲೋಟ ಕೆಳಗಿಟ್ಟು, "ಸುಳ್ಳು ಕಣೇ. ತುಂಬಾ ಆಸೆ ಇದೆ. ಹೇಳಿದ್ರೆ ನಿಂಗೆ ಭಾರ ಆಗುತ್ತೆ ಅಂತ ಸುಮ್ನಿದ್ದೆ," ಎಂದಳು.

ಭಾರ ಆಯಿತು. ಒಳ್ಳೆಯದೇ ಆಯಿತು.

ಏಪ್ರಿಲ್ ೧೦, ಶುಕ್ರವಾರ, ಸಂಜೆ ೫

ಸಿಕ್ಕಿತು ಸಿಕ್ಕಿತು ಸಿಕ್ಕಿತು!!

ಅವಸರದಲ್ಲಿ ಅಕ್ಷರ ಕೋಳಿ ಕೆದಕಿದ ಹಾಗಿದೆ. ಇರಲಿ.

ಮೋಟಾರು ಅಂಗಳದ ಸ್ಟ್ಯಾಂಡಿನ ಮೇಲಿತ್ತು, ಮುಚ್ಚಳ ತೆಗೆದು. ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಭಾವ — ಅರುವತ್ತು ದಾಟಿದ ಗಂಡಸು, ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವರು — ಸ್ಟೂಲಿನ ಮೇಲೆ ಕೂತು, ಆಫ್ ಆಗಿದ್ದ ಮೋಟಾರಿನ ಹಿಡಿ ತಿರುಗಿಸುತ್ತಾ, ಬಾಯಲ್ಲೇ "ಡುರ್ರ್ರ್... ಡುರ್ರ್ರ್..." ಎಂದು ದೋಣಿ ಓಡಿಸುತ್ತಿದ್ದರು. ಬೈಯಲು ತಲೆ ಎತ್ತಿದೆ. ಕಂಡಿತು.

ಹಿಡಿ ತಿರುಗಿಸಿದಂತೆ ಫ್ಲೈವ್ಹೀಲ್ ಚಕ್ರದ ಕೆಳಗಿನ ತಟ್ಟೆಯೂ ತಿರುಗುತ್ತದೆ, ವೇಗ ಹೆಚ್ಚಿದಾಗ ಕಿಡಿ ತುಸು ಮುಂಚೆ ಹಾರಲೆಂದು. ಆ ತಟ್ಟೆಯಿಂದ ಬರುವ ಕಪ್ಪು ವೈರು, ಭಾವ "ಡುರ್ರ್" ಎಂದಾಗಲೆಲ್ಲ, ಬಟ್ಟೆ ಒಣಹಾಕುವ ಹಗ್ಗದ ಹಾಗೆ ಬಿಗಿಯುತ್ತಿದೆ!

"ಭಾವ, ಇನ್ನೊಂದ್ಸಲ ಓಡ್ಸಿ!"

"ಟಿಕೆಟ್ ತಗೊಂಡಿದ್ದೀಯಾ?"

"ಓಡ್ಸಿ ಅಂದೆ!"

ಯಾರ ತಪ್ಪು? ನನ್ನದೇ, ಇನ್ಯಾರದು. ಚೆಂದ ಕಾಣಲಿ ಎಂದು ವೈರುಗಳನ್ನೆಲ್ಲ ಸೇರಿಸಿ, ಪ್ಲಾಸ್ಟಿಕ್ ಟೈ ಹಾಕಿ, ಜಡೆ ಹೆಣೆದ ಹಾಗೆ ಬಿಗಿದಿದ್ದೆ. ಮಿಕ್ಸಿಯೊಳಗೆ ಹಾಗೇ ಕಟ್ಟುವುದು, ಅಲ್ಲಿ ವೈರು ಅಲುಗಬಾರದು. ಇಲ್ಲಿ ಅಲುಗಬೇಕು. ಫುಲ್ ಕೊಟ್ಟಾಗಲೆಲ್ಲ ಜಗ್ಗಿ ಜಗ್ಗಿ ಒಳಗಿನ ತಾಮ್ರದ ಎಳೆಗಳು ಹರಿದಿವೆ. ಮೇಲಿನ ರಬ್ಬರು ಮಾತ್ರ ಏನೂ ಆಗದವರ ಹಾಗೆ ಕೂತಿದೆ. ಜಗ್ಗಿದಾಗ ಕರೆಂಟು ಕಟ್, ಬಿಟ್ಟಾಗ ಸರಿ. ಅಂಗಳವೆಲ್ಲ ನೀರಾಗುತ್ತದೆ ಎಂದು ಡ್ರಮ್ಮಿನಲ್ಲಿ ಒಮ್ಮೆಯೂ ಫುಲ್ ಕೊಟ್ಟಿರಲಿಲ್ಲ, ಅದಕ್ಕೇ ಅಲ್ಲಿ ಅಷ್ಟು ಸಾಧು.

ಟೈ ಕತ್ತರಿಸಿದೆ. ಹೊಸ ವೈರು, ಬೆಸುಗೆ, ಧಾರಾಳ ಸಡಿಲ. ನೋಡಲು ಅಸಹ್ಯವಾಗಿದೆ. ಮುತ್ತು ಕೊಡುವಷ್ಟು ಮುದ್ದು ಬರುತ್ತಿದೆ.

ಏಪ್ರಿಲ್ ೧೧, ಶನಿವಾರ

ಪಾಸ್!

ಪರೀಕ್ಷೆಗೆ ಬಂದವರು ಕ್ಲಬ್ಬಿನ ಸೀಟಿ — ಕುತ್ತಿಗೆಯಲ್ಲಿ ಸದಾ ಸೀಟಿ ನೇತಾಡುವುದರಿಂದ ಎಲ್ಲರಿಗೂ ಅವರು ಸೀಟಿಯೇ. ಭಾವ ಫುಲ್ ಕೊಟ್ಟರು. ದೋಣಿಯ ಮೂಗು ಎದ್ದಿತು, ನಾನು ಕಣ್ಣು ಮುಚ್ಚಿದೆ, ಕಿವಿ ಮಾತ್ರ ತೆರೆದಿತ್ತು. ಪೀಪಾಯಿ ಸುತ್ತಿ ಬಂದೆವು. ಒಂದು ಫಟ್ ಇಲ್ಲ! ಸೀಟಿಯವರ ಟೋಪಿ ಮಾತ್ರ ನೀರುಪಾಲು.

"ಮೋಟಾರು ಯಾರು ಕಟ್ಟಿದ್ದು?" ಎಂದರು ಬೋಳುತಲೆ ಸವರಿಕೊಳ್ಳುತ್ತಾ.

"ನಮ್ಮ ನಾದಿನಿ. ದೋಷ ಕಂಡುಹಿಡಿದಿದ್ದು ಮಾತ್ರ ನಾನು," ಎಂದರು ಭಾವ. ಎಲಾ!

ಅಕ್ಕ ದಡದಿಂದ ಓಡಿಬಂದು ನನ್ನ ಗ್ರೀಸ್ ಕೈಗಳನ್ನೇ ಹಿಡಿದು ಕುಣಿದಳು.

ಈಗ ಹೊಸ ಹೆದರಿಕೆ. ವಾರವಿಡೀ ಫುಲ್ ಓಡಲಿ, ಓಡಲಿ ಎಂದು ಬೇಡಿಕೊಂಡೆ. ನಾಳೆ ಒಂದು ಸಲವೂ ಹಾಗೆ ಓಡಿಸುವ ಪ್ರಮೇಯ ಬಾರದಿರಲಿ.

ಏಪ್ರಿಲ್ ೧೨, ಭಾನುವಾರ, ದೋಣಿಯಲ್ಲಿ

ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಅಕ್ಕ ಪಕ್ಕದಲ್ಲೇ ಈಜುತ್ತಿದ್ದಾಳೆ. ಕೇಳಿದಾಗ ಕುಡಿಯಲು ನೀರು ಚಾಚುವುದಷ್ಟೇ ನನ್ನ ಕೆಲಸ. ಆಚೆ ದಡದಲ್ಲಿ ತಾನಾಗಿ ಎದ್ದು ನಿಲ್ಲುವವರೆಗೆ ಅವಳನ್ನು ಯಾರೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಈಜಿದ್ದು ಲೆಕ್ಕಕ್ಕಿಲ್ಲ. ಮೋಟಾರು ಮೆಲ್ಲಗೆ ಗುರುಗುಟ್ಟುತ್ತಿದೆ. ಭಾವ ಬೆಳಗಿನಿಂದ ಒಂದು ಜೋಕೂ ಹೊಡೆದಿಲ್ಲ.

ತುಸು ಮುಂಚೆ ನಡುನೀರಿನಲ್ಲಿ ಅಲೆ ಬಾಯಿಗೆ ನುಗ್ಗಿ, ಅಕ್ಕ ಈಜು ನಿಲ್ಲಿಸಿಬಿಟ್ಟಳು. ಕೆಮ್ಮು, ಕೆಮ್ಮು. ಭಾವನ ಕೈ ಹಿಡಿಯ ಮೇಲೆ ಬಿಗಿಯಾಯಿತು.

"ಎತ್ಕೊಂಡು ಹೋಗಿಬಿಡೋಣ್ವಾ?" ಎಂದರು ನನ್ನ ಕಡೆ ನೋಡಿ.

ಉತ್ತರ ನೀರಿನಿಂದ ಬಂತು. "ಹತ್ರ ಬಂದ್ರೆ ನೋಡಿ ಇಬ್ರಿಗೂ!"

ಮತ್ತೆ ಹೊರಟಳು. ಭಾವ ಉಸಿರು ಬಿಟ್ಟರು.

ದಡ ಕಾಣುತ್ತಿದೆ. ಮನೆಗಳ ಬಾಗಿಲು ಕಾಣುತ್ತಿವೆ. ಇಲ್ಲಿ ಆಳವಿಲ್ಲ, ಭಾವ ಮೋಟಾರು ನಿಲ್ಲಿಸಿ ಹುಟ್ಟು ಹಾಕುತ್ತಿದ್ದಾರೆ. ಅವಳ ಕೈ ನೀರಿಗೆ ಬೀಳುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಭಾವ ಅಳುತ್ತಿದ್ದಾರೆ. ಕೇಳಿದರೆ ಬಿಸಿಲು ಎನ್ನುತ್ತಾರೆ.

ನಿಂತಳು! ಅಕ್ಕ ನಿಂತಳು! ಸೊಂಟದವರೆಗೆ ನೀರು. ಮುಂದೆ ಹೋಗದೆ ನಮ್ಮ ಕಡೆಗೇ ತಿರುಗಿ ಎರಡೂ ಕೈ ಚಾಚಿದ್ದಾಳೆ — ಈಗ ಮುಟ್ಟಬಹುದು, ದೋಣಿ ನಿಲ್ಲುವವರೆಗೆ ಯಾರು ಕಾಯುತ್ತಾರೆ, ನಾನು ನೀರಿಗೆ ಹಾರುವವಳೇ —