ಬೆಳಗಿನ ಕಾಫಿಗೆ ರಾತ್ರಿಯ ಹನಿ

ಟೋರ್‌ಗ್ರಿಮ್,

ನನ್ನ ಬೆಳಗಿನ ಕಾಫಿಗೆ ನೀನು ನಿದ್ದೆ ಬರಿಸೋ ವಲೇರಿಯನ್ ಬೇರಿನ ಹನಿ ಬೆರೆಸ್ತಿರೋದು ಗೊತ್ತಾಯ್ತು. ಸೀಸೆ ನಿನ್ನ ಕೋಟಿನ ಜೇಬಲ್ಲೇ ಸಿಕ್ತು. ಅದು ಮಲಗೋಕೆ ಒಂದು ಗಂಟೆ ಮುಂಚೆ ಕುಡಿಯೋದು ಕಣಯ್ಯಾ. ನಿನ್ನೆ ನಾನು ಫೆರ್ರಿಯ ಚುಕ್ಕಾಣಿ ಹಿಡಿದೇ ತೂಕಡಿಸಿದೆ. ಜೊತೆ ಕೆಲಸದ ರಾಗ್ನಾ ಭುಜ ಅಲುಗಿಸದಿದ್ರೆ ನಲವತ್ತು ಜನರ ಸಮೇತ ಬಂಡೆಗೆ ಬಡಿದಿರ್ತಿದ್ದೆ. ಇವತ್ತು ಕಚೇರಿಯಲ್ಲಿ ಅದನ್ನ ನಾನೇ ಹೇಳ್ತೀನಿ. ಕೆಲಸ ಉಳಿಯುತ್ತೋ ಇಲ್ವೋ.

"ನಿನ್ನ ಒಳ್ಳೇದಕ್ಕೇ ಮಾಡಿದೆ" ಅಂತ ರಾಗ ಎಳೀಬೇಡ. ನಾನು ಸಿಡುಕೋದು ನಿದ್ದೆಯಿಲ್ಲದೆ. ಈ ಉತ್ತರದ ಬೇಸಿಗೆಯಲ್ಲಿ ಮುಳುಗದ ಸೂರ್ಯ ರಾತ್ರಿಯೆಲ್ಲ ಮುಖಕ್ಕೇ ಹೊಡೀತಾನೆ. ಕಿಟಕಿಗೆ ದಪ್ಪ ಪರದೆ ಹಾಕು ಅಂತ ಮೇ ತಿಂಗಳಿಂದ ಬಡ್ಕೊಳ್ತಿದೀನಿ.

ಮೀನಿನ ಸಾರು ಒಲೆ ಮೇಲಿದೆ, ಬಿಸಿ ಮಾಡ್ಕೊಂಡು ತಿನ್ನು. ಸಂಜೆಯೊಳಗೆ ಪರದೆ ಹಾಕಿರು. ಇಲ್ಲಾಂದ್ರೆ ರಾಗ್ನಾ ಮನೇಲೇ ಮಲಗ್ತೀನಿ. ಅವಳ ಗಂಡ ಏಪ್ರಿಲ್‌ನಲ್ಲೇ ಹಾಕಿದಾನೆ.

ಗುನ್ವೋರ್